ಕರೆವ್ವನಿಗೆ ಕೂರಲು ಕಲಿಸಿದ ನಮ್ಮ ಮಾವ

ನಮ್ಮ ಸೋದರಮಾವನ ಮನೆಯಲ್ಲಿ ಆರು ಬೆತ್ತದ ಕುರ್ಚಿಗಳಿವೆ. ಐದು ಕುರ್ಚಿಗಳು ಬಂದವರು ಹೋದವರು ಕೂತು ಕೂತು ಜೋಲುಬಿದ್ದಿವೆ. ಆರನೆಯದು ಮಾತ್ರ ಇವತ್ತೇ ಅಂಗಡಿಯಿಂದ ತಂದಂತಿದೆ. ಕೊಂಡು ಹದಿನೆಂಟು ವರ್ಷವಾಯಿತು! ಅದು ಮಾವನ ಕುರ್ಚಿ.

ಕಾಲಿಗೆ ಏನಾದರೂ ತೊಂದರೆಯೇ? ಇಲ್ಲ. ಸೊಂಟ ನೋವೇ? ಇಲ್ಲ. ಹೇಳಿಕೊಳ್ಳಲಾಗದ ಇನ್ನೇನಾದರೂ...? ಛೇ, ಅದೂ ಇಲ್ಲ. ಮನುಷ್ಯನಿಗೆ ಕೂರಲು ಬರುವುದಿಲ್ಲ, ಅಷ್ಟೇ. ಮೊದಲ ರೊಟ್ಟಿಯನ್ನು ಅಡುಗೆಮನೆಯಲ್ಲಿ ಮುರಿದರೆ ಎರಡನೆಯದನ್ನು ಪಡಸಾಲೆಯಲ್ಲಿ ತಿನ್ನುತ್ತಾನೆ. ಮೂರನೆಯದರ ಹೊತ್ತಿಗೆ ಗೇಟಿನ ಬಳಿ ನಿಂತು, ಬಾಯಿ ತುಂಬ ಪುಂಡಿಪಲ್ಯ ಇಟ್ಟುಕೊಂಡು, ಹಾಲಿನವನನ್ನು ಮಾತಾಡಿಸುತ್ತಿರುತ್ತಾನೆ. ತನ್ನ ಮದುವೆಯಲ್ಲಿ ಹಸೆಮಣೆಯಿಂದ ಮೂರು ಸಲ ಎದ್ದುಹೋಗಿದ್ದನಂತೆ. ಒಮ್ಮೆ ಮೈಕು ಸರಿಯಿಲ್ಲವೆಂದು, ಇನ್ನೊಮ್ಮೆ ಬುಂದಿ ಸಾಲುವುದೋ ಇಲ್ಲವೋ ನೋಡಲೆಂದು. ಮೂರನೆಯ ಸಲ ಯಾಕೆಂದು ಅವನಿಗೇ ನೆನಪಿಲ್ಲ. ಕೊನೆಗೆ ಅಯ್ಯನವರು ಅವನ ಧೋತರದ ತುದಿಯನ್ನು ತಮ್ಮ ಮಂಡಿಯ ಕೆಳಗೆ ಒತ್ತಿಟ್ಟುಕೊಂಡು ಮಂತ್ರ ಮುಗಿಸಿದರೆಂದು ನಮ್ಮವ್ವ ಈಗಲೂ ಹೇಳುತ್ತಾಳೆ.

ಇಂಥವನಿಗೆ ದೇವರು ಕೊಟ್ಟ ನೌಕರಿ ಯಾವುದು ಗೊತ್ತೇ? ಕುಷ್ಟಗಿ ಬಸ್ ನಿಲ್ದಾಣದ ಕಂಟ್ರೋಲರ್! ಬಸ್ಸುಗಳನ್ನು ಸಮಯಕ್ಕೆ ಸರಿಯಾಗಿ ಕಳಿಸುವ ಕೆಲಸ. ಮಾವ ಸಮಯಕ್ಕೆ ಮೊದಲೇ ಕಳಿಸುತ್ತಿದ್ದ. ಎಂಜಿನ್ ಶುರುವಾದ ಬಸ್ಸು ನಿಂತಿರುವುದನ್ನು ಕಂಡರೆ ಅವನಿಗೆ ಮೈಯೆಲ್ಲ ತುರಿಕೆ. ಒಂದು ಸಲ ಯಲಬುರ್ಗಾ ಬಸ್ಸನ್ನು ಹೀಗೇ ಗಡಬಡಿಸಿ ಹೊರಡಿಸಿದ. ಬೇವೂರು ಹತ್ತಿರ ಬಂದಾಗ ಒಬ್ಬ ಮುದುಕಪ್ಪ ಡ್ರೈವರನನ್ನು ಕೇಳಿದನಂತೆ: "ಅಲ್ಲಪಾ ತಮ್ಮಾ, ಟಿಕೇಟ್ ಯಾರು ಕೊಡೋರು?" ಕಂಡಕ್ಟರ್ ಕುಷ್ಟಗಿಯಲ್ಲೇ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಕೂತಿದ್ದ!

ಇಂಥ ಮನುಷ್ಯ ನಿವೃತ್ತನಾದ ಮೇಲೆ ಒಂದು ನಾಯಿಗೆ ಸುಮ್ಮನೆ ಕೂರುವುದನ್ನು ಕಲಿಸಲು ಹೊರಟ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಆದರೆ ನಾನು ಕುಷ್ಟಗಿಯ ಹೈಸ್ಕೂಲಿಗೆ ವರ್ಗವಾಗಿ ಬಂದು ಆ ವರ್ಷವೆಲ್ಲ ಅವನ ಮನೆಯಲ್ಲೇ ಇದ್ದೆ. ಕಣ್ಣಾರೆ ಕಂಡವಳು ನಾನು.

ಅಕ್ಕಿ ತರುತ್ತೇನೆಂದು ಗಂಗಾವತಿ ಕಡೆಗೆ ಹೋದ ಮಾವ ಅಕ್ಕಿ ಮರೆತು ನಾಯಿ ತಂದ. ಅಲ್ಲಿ ಕಾಲುವೆ ಪಕ್ಕ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನಲ್ಲಿ, ಅವನಿಗೆ ಪರಿಚಯದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರಿದ್ದಾರೆ. ಅವರಿಗೆ ಲ್ಯಾಬ್ರಡಾರ್ ನಾಯಿಗಳ ಹುಚ್ಚು. ಅವತ್ತು ಅವರು ತಮ್ಮ ಹಳೆಯ ನಾಯಿಯನ್ನು ಹೊಂಡದ ದಂಡೆಯಲ್ಲಿ ಕೂರಿಸಿ, ಚಿಂದಿಯ ಗಂಟೊಂದನ್ನು ನೀರಿಗೆ ಎಸೆದರಂತೆ. ನಾಯಿ ಕಲ್ಲಿನ ಬಸವಣ್ಣನಂತೆ ಕೂತೇ ಇತ್ತಂತೆ. ಸಾಹುಕಾರರು ಚಹಾ ಕುಡಿದು, ಬಾಯಿ ಒರೆಸಿಕೊಂಡು, ಒಂದು ಮಾತು ಹೇಳಿದ ಮೇಲೆ ನೀರಿಗೆ ಹಾರಿ, ಗಂಟು ಕಚ್ಚಿ ತಂದು ಅವರ ಕೈಗೆ ಕೊಟ್ಟಿತಂತೆ.

ಮಾವ ಬಾಯಿ ಬಿಟ್ಟುಕೊಂಡು ನೋಡಿದ. ಹೊರಡು ಎನ್ನುವ ತನಕ ಹೊರಡದೆ ಇರುವ ಪ್ರಾಣಿಯನ್ನು ಅವನು ಮೂವತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಆ ನಾಯಿಯ ಮರಿಗಳಲ್ಲಿ ಒಂದು ಮಾತ್ರ ಉಳಿದಿತ್ತು. ಎಂಟು ತಿಂಗಳದ್ದು, ಕಪ್ಪು, ಹೆಣ್ಣು. ಗಿರಣಿಯ ಕೋಳಿಗಳನ್ನು, ಹಮಾಲರ ಬುತ್ತಿಯನ್ನು, ಹೋಗುವ ಲಾರಿಯನ್ನು, ಯಾವುದನ್ನೂ ಬಿಡದೆ ಬೆನ್ನಟ್ಟುವುದೆಂದು ಅದನ್ನು ಯಾರೂ ಒಯ್ದಿರಲಿಲ್ಲ. ಮಾವ ಅದನ್ನೇ ಕೇಳಿದ.

ಸಾಹುಕಾರರು ಹೇಳಿದರಂತೆ: "ಕಂಟ್ರೋಲರ್ ಗಾರು, ಈ ಜಾತಿ ಬ್ಯಾಟಿಗೆ ಹುಟ್ಟಿದ್ದು, ಹೊಡೆದ ಬಾತುಕೋಳಿ ನೀರಿಂದ ಕಚ್ಚಿ ತರಾಕ. ಈಗ ಬ್ಯಾಟಿ ಆಡಂಗಿಲ್ಲ, ಆಡಬಾರದು. ಆದ್ರ ಅದರ ರಕ್ತಕ್ಕ ಕೆಲಸ ಬೇಕು. ಸುಮ್ನ ಕಟ್ಟಿ ಹಾಕಿದ್ರ ಹುಚ್ಚ ಹಿಡೀತೈತಿ. ಒಯ್ರಿ. ಸಂಕ್ರಾಂತಿ ಆದಮ್ಯಾಲೆ ಕರಕೊಂಡು ಬಂದು ತೋರಿಸ್ರಿ. ಕಳಸೋತನಕ ಕುಂತ್ರ ನಿಮ್ಮದು. ಕುಂದರಲಿಲ್ಲ ಅಂದ್ರ ನಾ ವಾಪಸ್ ಇಟ್ಕೋತೀನಿ, ಬ್ಯಾಸರ ಮಾಡ್ಕೋಬಾರ್ದು."

"ಸಂಕ್ರಾಂತಿ ಯಾಕ್ರಿ, ಶ್ರಾವಣದಾಗ ತೋರಸ್ತೀನಿ!" ಎಂದು ಮಾವ ಅರ್ಧ ದಾರಿಯಿಂದ ಕೂಗಿ ಹೇಳಿದನಂತೆ.

ಮನೆಯಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಅಕ್ಕಿ ಎಲ್ಲೈತ್ರಿ?"

"ಅಕ್ಕಿ ಇರಲಿ, ಇದನ್ನ ನೋಡು! ಪರದೇಶದ ತಳಿ! ಹೆಸರು ಏನಿಡೋಣ ಹೇಳು."

ಅತ್ತೆ ನಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. "ಕರೆವ್ವ."

"ಏ, ಪರದೇಶದ ತಳಿಗಿ ಕರೆವ್ವ ಅಂತ ಯಾರರ ಇಡತಾರೇನ?"

"ಕರ್ರಗೈತಿ, ಹೆಣ್ಣೈತಿ. ಮತ್ತೇನ ಮಹಾರಾಣಿ ಅಂತ ಇಡಬೇಕೇನ?"

ಕರೆವ್ವ ಆಗಲೇ ಅತ್ತೆಯ ಕಾಲ ಸಂದಿಯಿಂದ ನುಗ್ಗಿ, ಅಡುಗೆಮನೆಯಿಂದ ಲಟ್ಟಣಿಗೆ ಕಚ್ಚಿ ತಂದು ಅತ್ತೆಯ ಮುಂದೆಯೇ ಹಿಡಿದು ನಿಂತಿದ್ದಳು. ಅತ್ತೆಗೆ ನಗು ತಡೆಯಲಾಗಲಿಲ್ಲ. ಒಂದೇ ವಾರದಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿ ಹಿತ್ತಲ ಕಡೆಗೆ ಗುಟ್ಟಾಗಿ ಹೋಗತೊಡಗಿತು. ಎರಡನೇ ವಾರ ಆ ಗುಟ್ಟೂ ಉಳಿಯಲಿಲ್ಲ.

ಪಾಠ ಮಾತ್ರ ಅವಳು ಬಂದ ಮರುದಿನ ಬೆಳಿಗ್ಗೆಯೇ ಮನೆಯ ಹಿಂದಿನ ಬಯಲಿನಲ್ಲಿ ಶುರುವಾಯಿತು. ಅತ್ತೆಯ ಹಳೆಯ ಇಳಕಲ್ ಸೀರೆಗೆ ಹತ್ತಿ ತುಂಬಿ ಹೊಲಿದ ಗಂಟು ನಮ್ಮ ಬಾತುಕೋಳಿ. ಎಸೆಯುವುದು ಮಾವ, ಕೈಯಲ್ಲಿ ಮೊಬೈಲು ಹಿಡಿದು ಸೆಕೆಂಡು ಎಣಿಸುವುದು ನಾನು. ಆಜ್ಞೆಗಳು ಯಾವ ಭಾಷೆಯಲ್ಲಿರಬೇಕು? ಮಾವನಿಗೆ ಆ ಪ್ರಶ್ನೆಯೇ ಏಳಲಿಲ್ಲ. ಕೂರಲು "ಹೋಲ್ಡಾನ್!", ಓಡಲು "ರೈಟ್!"

"ಹೋಲ್ಡಾನ್!" ಎಂದು ಮಾವ ಗಂಟು ಎಸೆದ. ಗಂಟು ಮತ್ತು ಕರೆವ್ವ ಒಟ್ಟಿಗೇ ನೆಲ ಮುಟ್ಟಿದವು.

ಎರಡನೇ ದಿನ ಉದ್ದನೆಯ ಹಗ್ಗ ಬಂತು. ಅದರ ಒಂದು ತುದಿ ಕರೆವ್ವನ ಕೊರಳಿಗೆ. ಇನ್ನೊಂದು ತುದಿಯನ್ನು ಗೂಟಕ್ಕೆ ಕಟ್ಟುವಷ್ಟು ಹೊತ್ತು ಮಾವನಿಗೆಲ್ಲಿದೆ? ತನ್ನ ಸೊಂಟಕ್ಕೇ ಸುತ್ತಿಕೊಂಡ. "ಹೋಲ್ಡಾನ್!" ಎಂದ. ಮುಂದೆ ನಾನು ನೋಡಿದ್ದು ಜಾಲಿಕಂಟಿಯ ಕಡೆಗೆ ಹೋಗುತ್ತಿದ್ದ ಮಾವನ ಅಂಗಾಲುಗಳನ್ನು ಮಾತ್ರ. ಮಧ್ಯಾಹ್ನದವರೆಗೆ ಅತ್ತೆ ಅವನ ಬೆನ್ನಿನಿಂದ ಮುಳ್ಳು ತೆಗೆದಳು. ಅದೂ ಅವನು ಅಡ್ಡಾಡುತ್ತಿರುವಾಗಲೇ, ಸೂಜಿ ಹಿಡಿದು ಅವನ ಹಿಂದೆ ಹಿಂದೆ ಹೋಗುತ್ತ!

ಸಾಹುಕಾರರಿಗೆ ಫೋನು ಹೋಯಿತು. ಅವರು ಸಮಾಧಾನದಿಂದ ಹೇಳಿದರು: ಹೊಡೆಯಬಾರದು, ಬೈಯಬಾರದು. ತಪ್ಪಿಸಿಕೊಂಡು ಓಡಿದರೆ ಕರೆದು ತಂದು ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕು. ಹತ್ತು ಸಲ ಎಸೆದರೆ ಎಂಟು ಸಲ ನೀವೇ ಹೋಗಿ ತರಬೇಕು. ಬಿದ್ದದ್ದೆಲ್ಲ ತನ್ನದಲ್ಲ ಅಂತ ಅದಕ್ಕೆ ತಿಳಿಯಬೇಕು.

ಇದು ಮಾವನಿಗೆ ಭಾರೀ ಹಿಡಿಸಿತು. ಓಡುವುದು ತಾನೇ? ಎಸೆದ, ಓಡಿದ, ತಂದ. ಮತ್ತೆ ಎಸೆದ, ಓಡಿದ, ತಂದ. ಕರೆವ್ವ ಮೊದಮೊದಲು ಗಾಬರಿಯಿಂದ, ಆಮೇಲೆ ಕುತೂಹಲದಿಂದ, ಕೊನೆಗೆ ತುಸು ಕನಿಕರದಿಂದ ಕೂತು ನೋಡತೊಡಗಿದಳು. ಬೆಳಗಿನ ತಿರುಗಾಟಕ್ಕೆ ಬಂದ ನಿವೃತ್ತ ಹೆಡ್ ಮಾಸ್ತರರು ಬೇಲಿಯ ಆಚೆ ನಿಂತು ಹತ್ತು ನಿಮಿಷ ನೋಡಿದರು.

"ಕಂಟ್ರೋಲರ್ ಸಾಹೇಬ್ರ, ಯಾರು ಯಾರಿಗೆ ಕಲಸಾಕತ್ತೀರಿ?"

"ನಾಯಿಗಿ ಕಲಸಾಕತ್ತೀನ್ರಿ, ಕಾಣವಲ್ದೇನು?"

"ಕಾಣತೈತಿ, ಕಾಣತೈತಿ. ನಾಯಿ ಭಾಳ ಛಲೋ ಕಲಿಸೈತಿ ಬಿಡ್ರಿ, ಒಂದ ವಾರದಾಗ ತಂದು ಕೊಡಾಕ ಹತ್ತೀರಿ!"

ಶ್ರಾವಣ ಹೋಯಿತು, ದಸರಾ ಬಂತು. ಕರೆವ್ವ ಹೇಗೋ ಒಂದೆರಡು ಸೆಕೆಂಡು ಕೂರುವಷ್ಟಾದಳು. ಹತ್ತು ಸೆಕೆಂಡಿಗೆ ಏರಿಸುವುದೆಂದು ತೀರ್ಮಾನವಾಯಿತು. ನಾನು "ಒಂದು..." ಎಂದೆ, "ಎರಡೂ..." ಎಂದೆ. "ರೈಟ್!" ಎಂದ ಮಾವ.

"ಮಾಮಾ, ಹತ್ತು ಅಂದಿದ್ದಿ!"

"ಹತ್ತ ಆಗಿಲ್ಲೇನ?"

"ಎರಡ ಆಗ್ಯಾವ."

"ನಿನ್ನ ಮೊಬೈಲ ಹಿಂದ ಬಿದ್ದೈತಿ ನೋಡು, ರಿಪೇರಿ ಮಾಡಿಸು."

ಅದೇ ಸುಮಾರಿಗೆ ಅತ್ತೆಯ ಹರಕೆಯೊಂದನ್ನು ತೀರಿಸಲು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋದೆವು. ಕರೆವ್ವನನ್ನು ಬಿಟ್ಟುಹೋಗುವುದೆಲ್ಲಿ? ಅವಳೂ ಬಂದಳು. ದರ್ಶನ ಮುಗಿಸಿ ಹೊಳೆದಂಡೆಗೆ ಬಂದಾಗ ಅಲ್ಲಿ ಜನವೋ ಜನ. ಮಾವ ಕರೆವ್ವನನ್ನು ಮೆಟ್ಟಿಲ ಮೇಲೆ ಕೂರಿಸಿ "ಹೋಲ್ಡಾನ್" ಎಂದ. ಕೂತಳು! ಇಷ್ಟು ಗದ್ದಲದಲ್ಲಿ, ಇಷ್ಟು ಕಾಲುಗಳ ನಡುವೆ! ಮಾವ ಸುತ್ತಲಿನವರಿಗೆಲ್ಲ ತೋರಿಸಿದ. ಆಗ ಒಬ್ಬ ಅಜ್ಜಿ ಅರಿಶಿನ ಹಚ್ಚಿದ ತೆಂಗಿನಕಾಯಿಯನ್ನು ಕುಪ್ಪಸದ ಕಣದ ಬಟ್ಟೆಯಲ್ಲಿ ಕಟ್ಟಿ, ಕಣ್ಣು ಮುಚ್ಚಿ, ಹೊಳೆಗೆ ಬಿಟ್ಟಳು. ಕರೆವ್ವ ನಡುಗಿದಳು, ಜೊಲ್ಲು ಸುರಿಸಿದಳು, ಆದರೆ ಏಳಲಿಲ್ಲ. ಎಲ್ಲವೂ ಚೆನ್ನಾಗಿಯೇ ಮುಗಿಯುತ್ತಿತ್ತು. ಆದರೆ ಮೇಲಿನ ರಸ್ತೆಯಲ್ಲಿ ಭಕ್ತರನ್ನು ತುಂಬಿಕೊಂಡು ನಿಂತಿದ್ದ ಟೆಂಪೊವೊಂದರ ಕ್ಲೀನರ್ ತಗಡನ್ನು ದಬದಬ ಬಡಿದು ಕೂಗಿದ:

"ರೈಟ್, ರೈಟ್!"

ಕರೆವ್ವ ಧುಮುಕಿದಳು. ಕಾಯಿ ಕಚ್ಚಿದಳು. ಈಜಿ ಬಂದಳು. ಮಾವನಿಗೆ ಕೊಡುವುದನ್ನು ಬಿಟ್ಟು, ಎಸೆದವರಿಗೇ ತಲುಪಿಸಬೇಕೆಂದು ಅವಳಿಗೆ ಅವತ್ತೇ ಹೊಳೆಯಬೇಕೇ? ಅಜ್ಜಿ ಕಣ್ಣು ತೆರೆದಾಗ ಅವಳ ಪಾದದ ಬಳಿ ಅವಳದೇ ಕಾಯಿ ಇತ್ತು!

"ಅಯ್ಯಯ್ಯ! ತಾಯಿ ಒಲ್ಲೆ ಅಂದಳಲ್ಲೋ! ನಾ ಏನ ತಪ್ಪ ಮಾಡೀನೋ!" ಎಂದು ಅಜ್ಜಿ ಎದೆ ಬಡಿದುಕೊಂಡು ಅಳತೊಡಗಿದಳು. ಜನ ಸೇರಿತು. ನಾಯಿ ಯಾರದೆಂದು ಯಾರೋ ಕೇಳಿದರು. ಮಾವ ಆಕಾಶ ನೋಡತೊಡಗಿದ. ಆಗ ಅತ್ತೆ ಮುಂದೆ ಹೋಗಿ, ಕಾಯಿ ಎತ್ತಿ ಕಣ್ಣಿಗೊತ್ತಿಕೊಂಡು, ಅಜ್ಜಿಯ ಉಡಿಗೆ ಹಾಕಿದಳು.

"ಅಳಬ್ಯಾಡಬೇ ಯವ್ವಾ. ಎಲ್ಲರಿಗೂ ಪೂಜಾರಿ ಪ್ರಸಾದ ಕೊಡ್ತಾನ. ನಿನಗ ತಾಯಿ ತಾನ ಆಳ ಕಳಿಸಿ ಕೊಟ್ಟಾಳ!"

ಅಜ್ಜಿ ಬೆರಗಾಗಿ, ಕಣ್ಣೊರೆಸಿಕೊಂಡು, ಕರೆವ್ವನ ಹಣೆಗೆ ಭಂಡಾರ ಹಚ್ಚಿ ಕೈಮುಗಿದಳು. ಅವಳ ಹಿಂದೆ ಇನ್ನೂ ಏಳೆಂಟು ಜನ ಸಾಲು ಹಚ್ಚಿದರು. ನಾವು ಓಡಿದೆವು.

ಅವತ್ತೇ "ರೈಟ್" ರದ್ದಾಯಿತು. ಹೊಸ ಮಾತು ಅತ್ತೆ ಕೊಟ್ಟದ್ದು: "ಹೋಗಿ ಬಾರವ್ವಾ." ಇದನ್ನು ಯಾವ ಕ್ಲೀನರನೂ ಕೂಗುವುದಿಲ್ಲ.

ಆದರೆ ಮಾತು ಬದಲಾದರೂ ಕರೆವ್ವ ಬದಲಾಗಲಿಲ್ಲ. ನಾಲ್ಕು ಸೆಕೆಂಡು ಕೂತವಳು ಐದನೆಯದಕ್ಕೆ ತಾನೇ ಹೊರಟುಬಿಡುತ್ತಿದ್ದಳು. ಮಾವ ಬಾಯಿಯನ್ನೇ ಬಿಟ್ಟಿರುತ್ತಿರಲಿಲ್ಲ! ನಾನೊಂದು ವೀಡಿಯೊ ಮಾಡಿ ಸಾಹುಕಾರರಿಗೆ ಕಳಿಸಿದೆ. ತಿರುಗಿ ಫೋನು ಬಂತು.

"ಅಮ್ಮಾ, ನೋಡಿದೆ. ನಾಯಿದೇನು ತಪ್ಪಿಲ್ಲ."

"ಮತ್ತ ಯಾರದ್ರಿ?"

"ಅದು ಕಿವಿಲೆ ಕೇಳೂದಿಲ್ಲಮ್ಮಾ, ಕಣ್ಣಿಲೆ ಕೇಳತೈತಿ. ನಿಮ್ಮ ಮಾಮಾ ಅವರ ಬಲಗಾಲು ನೋಡ್ರಿ."

ಮೂವರೂ ವೀಡಿಯೊ ನೋಡಿದೆವು. ಮಾವನ ಬಾಯಿ ಮುಚ್ಚಿತ್ತು, ನಿಜ. ಆದರೆ ಬಲ ಹಿಮ್ಮಡಿ ನೆಲದಿಂದ ಎದ್ದಿತ್ತು. ಮಂಡಿ ಕುಣಿಯುತ್ತಿತ್ತು. ಭುಜ ಮುಂದಕ್ಕೆ ಬಾಗಿತ್ತು. ಇಡೀ ಮೈ "ಹೋಗು, ಹೋಗು" ಎನ್ನುತ್ತಿತ್ತು. ಕರೆವ್ವ ಗಂಟನ್ನು ನೋಡುತ್ತಿರಲಿಲ್ಲ, ಆ ಹಿಮ್ಮಡಿಯನ್ನೇ ನೋಡುತ್ತಿದ್ದಳು. ಅದು ಎದ್ದದ್ದೇ ಅವಳೂ ಎದ್ದಳು.

ಮಾವ ಆ ವೀಡಿಯೊವನ್ನು ನಲವತ್ತು ಸಲವಾದರೂ ನೋಡಿರಬೇಕು. ಹಿತ್ತಲಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ಅಡ್ಡಾಡುತ್ತಲೇ ನೋಡಿದ. ಕೊನೆಗೆ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ನನ್ನ ಕೈಲಿ ಆಗೂದಿಲ್ಲ. ಹುಟ್ಟಗುಣ ಇದು. ಕೊಟ್ಟು ಬರತೀನಿ ಅದನ್ನ," ಎಂದ. ಅವನ ದನಿ ಎಂದೂ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳ ತೊಡೆಯ ಮೇಲೆ ಕರೆವ್ವನ ತಲೆ. "ಯಾರ ಮನಿ ಕೂಸನ್ನ ಯಾರಿಗೆ ಕೊಡತೀರಿ?" ಎಂದಳು, ತಲೆ ಎತ್ತದೆ. "ಮಕ್ಕಳಿಲ್ಲ ಅಂತ ನಾ ಒಂದಿನಾ ಅತ್ತಿಲ್ಲ. ಇದು ಹೋದ್ರ ಮಾತ್ರ ಅಳತೀನಿ ನೋಡ್ರಿ. ನಿಂದ್ರಾಕ ಕಲೀರಿ."

ಸರಿ, ಮಾವ ನಿಲ್ಲಲು ಕಲಿಯತೊಡಗಿದ! ನಾಯಿಯ ಶಾಲೆಗೆ ರಜೆ ಕೊಟ್ಟು ಮಾಸ್ತರನಿಗೇ ಪಾಠ. ಬೆಳಿಗ್ಗೆ ಎದ್ದು ಬೇವಿನಮರದ ಕೆಳಗೆ ಅಂಗೈ ಮೇಲೆ ನೀರು ತುಂಬಿದ ಚೊಂಬು ಇಟ್ಟುಕೊಂಡು ನಿಲ್ಲುತ್ತಿದ್ದ. ಮೊದಲ ದಿನ ಚೊಂಬಿನ ನೀರೆಲ್ಲ ಅಂಗಿಗೆ. ಹಾಲಿನವನು ಯಾವ ದೇವರ ವ್ರತವೆಂದು ಕೇಳಿದ. ಎರಡನೇ ವಾರ ಅರ್ಧ ಚೊಂಬು ಉಳಿಯಿತು. ನೊಣ ಮೂಗಿನ ಮೇಲೆ ಕೂತರೂ ನಿಂತ. ರಸ್ತೆಯಲ್ಲಿ ಯಾರೋ ಜಗಳವಾಡಿದರೂ ನಿಂತ. ಇದು ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ಯೋಚಿಸಿ! ಕಣ್ಣಿನಲ್ಲಿ ನೀರು ಬಂದಿದ್ದನ್ನು ನಾನೇ ನೋಡಿದ್ದೇನೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಕರೆವ್ವ ಅವನ ಎಡಗಾಲ ಪಕ್ಕದಲ್ಲಿ ನಿಮಿಷಗಟ್ಟಲೆ ಕೂರುತ್ತಿದ್ದಳು. ಎಲ್ಲ ದಿನವೂ ಅಲ್ಲ. ಮೂರು ದಿನ ಕೂತರೆ ನಾಲ್ಕನೇ ದಿನ ಅಳಿಲು ಓಡುತ್ತಿತ್ತು, ಅದರ ಹಿಂದೆ ಅವಳೂ.

ಸಂಕ್ರಾಂತಿಯ ನಂತರದ ಭಾನುವಾರ ಗಂಗಾವತಿಗೆ ಹೊರಟೆವು. ಒಂಬತ್ತಕ್ಕೆ ಹೊರಡಬೇಕಾದ ಕಾರನ್ನು ಮಾವ ಆರಕ್ಕೇ ತರಿಸಿದ್ದ. ತಾವರಗೇರಾ ದಾಟುವವರೆಗೆ ಡ್ರೈವರನಿಗೆ ಇಪ್ಪತ್ತು ಸಲ "ಟೈಮ್ ಎಷ್ಟಾತಪಾ?" ಎಂದು ಕೇಳಿದ. ಅತ್ತೆ ಕರೆವ್ವನ ಕೊರಳು ಹಿಡಿದುಕೊಂಡು ಬಾಯೊಳಗೇ ಹುಲಿಗೆಮ್ಮನನ್ನು ನೆನೆಯುತ್ತಿದ್ದಳು.

ಗಿರಣಿಯ ಹಿಂದೆ ಭತ್ತ ಕೊಯ್ದ ಗದ್ದೆ, ಅದರ ಅಂಚಿಗೆ ಹೊಂಡ. ನಾಯಿ ಸಾಕಿದ ನಾಲ್ಕೈದು ಮಂದಿ ಗೆಳೆಯರನ್ನು ಸಾಹುಕಾರರು ಕರೆಸಿದ್ದರು. ದಂಡೆಯಲ್ಲಿ ಬೆಳ್ಳಕ್ಕಿಗಳು ಕೂತಿದ್ದವು. ಸಾಹುಕಾರರು ಮಾವನಿಗೆ ಹೇಳಿದರು: "ಈ ಟವಲ್ ನನ್ನ ಹೆಗಲ ಮ್ಯಾಲಿಂದ ತೆಗೀತೀನಿ. ಅಲ್ಲೀತನಕ ನೀವು ಕಳಸಂಗಿಲ್ಲ, ಅದು ಏಳಂಗಿಲ್ಲ."

ಮಾವ "ಹೋಲ್ಡಾನ್" ಎಂದ. ಕರೆವ್ವ ಕೂತಳು. ಗಂಟು ನೀರಿಗೆ ಬಿತ್ತು. ಸಾಹುಕಾರರು ಟವಲಿಗೆ ಕೈ ಹಾಕಿದರು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು!

ಅಳವಂಡಿಯ ಹತ್ತಿರ ಅವರ ಲಾರಿ ಕೆಟ್ಟು ನಿಂತಿತ್ತಂತೆ. ಅವರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಡ್ರೈವರನನ್ನು ಬೈಯುತ್ತ ನಮಗೆ ಬೆನ್ನು ಹಾಕಿ ನಿಂತುಬಿಟ್ಟರು. ನಮ್ಮನ್ನು ಮರೆತೇಬಿಟ್ಟರು! ಒಂದು ನಿಮಿಷವಾಯಿತು, ಎರಡಾಯಿತು. ಬೆಳ್ಳಕ್ಕಿಗಳು ಭರ್ರನೆ ಎದ್ದವು. ಒಂದು ಬೆಳ್ಳಕ್ಕಿ ತೇಲುವ ಗಂಟಿನ ಮೇಲೆಯೇ ಬಂದು ಕೂತಿತು. ಕರೆವ್ವನ ಮೈಯ ಒಂದೊಂದು ಕೂದಲೂ ನಡುಗುತ್ತಿತ್ತು. ಅವಳು ಮಾವನ ಹಿಮ್ಮಡಿ ನೋಡಿದಳು. ನಾನೂ ನೋಡಿದೆ. ಹಿಮ್ಮಡಿ ನೆಲದಲ್ಲಿತ್ತು. ಮೂರು ನಿಮಿಷ. ನಾಲ್ಕು. ಮಾವನ ಅಂಗಿ ಬೆವರಿಗೆ ಅಂಟಿತ್ತು. ಕಣ್ಣರೆಪ್ಪೆ ಬಿಟ್ಟರೆ ಬೇರೇನೂ ಅಲುಗಲಿಲ್ಲ.

ಫೋನು ಮುಗಿದು, ಟವಲು ಇಳಿದು, ಮಾವ "ಹೋಗಿ ಬಾರವ್ವಾ" ಎಂದಾಗ ಕರೆವ್ವ ಬಾಣದಂತೆ ಹೋಗಿ ಗಂಟು ತಂದದ್ದು, ಸಾಹುಕಾರರು "ನಿಮ್ಮದೇ ಕಂಟ್ರೋಲರ್ ಗಾರು, ನಿಮ್ಮದೇ!" ಎಂದು ಮಾವನನ್ನು ತಬ್ಬಿಕೊಂಡದ್ದು, ಊಟಕ್ಕೆ ಎಲೆ ಹಾಕಿದ ಮೇಲೆ ಮಾವ ಐದು ಸಲ ಎದ್ದದ್ದು, ಇದೆಲ್ಲ ಸರಿಯೇ. ಕರೆವ್ವ ಈಗಲೂ ಕುಷ್ಟಗಿಯಲ್ಲೇ ಇದ್ದಾಳೆ, ಅತ್ತೆಯ ಕೈರೊಟ್ಟಿ ತಿಂದು ಮೈತುಂಬಿಕೊಂಡಿದ್ದಾಳೆ.

ಆದರೆ ನನಗೆ ನೆನಪಾಗುವುದು ಆ ನಾಲ್ಕನೇ ನಿಮಿಷ. ಪಕ್ಕದಲ್ಲಿ ನಿಂತಿದ್ದ ಅತ್ತೆ ಕರೆವ್ವನನ್ನು ನೋಡುತ್ತಿರಲಿಲ್ಲ. ಮಾವನನ್ನು ನೋಡುತ್ತಿದ್ದಳು. ಮೆಲ್ಲಗೆ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು:

"ಯವ್ವಾ, ಇವರ ಬಲಗಿವಿಗೆ ಸಣ್ಣ ತೂತು ಐತಿ ನೋಡು. ಸಣ್ಣಾವರಿದ್ದಾಗ ಚುಚ್ಚಿಸಿರಬೇಕು. ಮೂವತ್ತೆಂಟ ವರ್ಷಾತು, ನನಗ ಗೊತ್ತ ಇರಲಿಲ್ಲ."

ನಾನು ನೋಡಿದೆ. ಹೌದು, ಎಂದೋ ಮುಚ್ಚಿಹೋದ ಒಂದು ಚುಕ್ಕೆ.

"ಕಣ್ಣ ಸುತ್ತ ಎಷ್ಟ ಗೆರಿ ಬಿದ್ದಾವಲ್ಲ," ಎಂದಳು. "ಇಷ್ಟು ಹಣ್ಣು ಯಾವಾಗ ಆದ್ರು ಇವರು? ನಾ ಎಲ್ಲಿದ್ದೆ?"

ಅಷ್ಟರಲ್ಲಿ ಸಾಹುಕಾರರು ಫೋನನ್ನು ಕಿಸೆಗೆ ಹಾಕಿ, ನಾಲಿಗೆ ಕಚ್ಚಿಕೊಂಡು, ಗಡಬಡಿಸಿ ಹೆಗಲ ಟವಲಿಗೆ ಕೈ ಹಾಕಿದರು. ಪರಗಂಡಸರ ಮುಂದೆ ಎಂದೂ ದನಿ ಎತ್ತದ ಅತ್ತೆ ಒಂದು ಹೆಜ್ಜೆ ಮುಂದೆ ಬಂದಳು.

"ಸಾಹುಕಾರ್ರ," ಎಂದಳು, "ಇನ್ನೊಂದೀಟು ತಡೀರಿ."